ಮಡಿಸಬಾರದ ಮೊಣಕೈ

ಚಿಂತೆ ಮಾಡುವುದಕ್ಕೆ ನನಗೆ ಕಾರಣವೇ ಬೇಕಿಲ್ಲ, ಒಂದು ಮೇಜಿದ್ದರೆ ಸಾಕು. ಮೊಣಕೈ ಊರಿ, ಕೆನ್ನೆಗೆ ಕೈ ಆನಿಸಿ ಕೂತರೆ ಚಿಂತೆ ತಾನಾಗಿ ಬರುತ್ತದೆ. ಎರಡನೇ ಮಹಾಯುದ್ಧದ ಕಾಲ, ಮದ್ದೂರಿನಲ್ಲಿ ಮೇಷ್ಟರಾಗಿದ್ದೆ. ಹಾಗೆ ಕೂತಿದ್ದ ಒಂದು ಸಂಜೆ ಬಲಗೈ ಕಿರುಬೆರಳು ಜೋಮು ಹಿಡಿಯಿತು. ಚಿವುಟಿದರೆ ಬೇರೆ ಯಾರದೋ ಬೆರಳನ್ನು ಚಿವುಟಿದಂತಿತ್ತು. ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠದ ಗುರುತೆಂದು ಎಲ್ಲೋ ಕೇಳಿದ್ದೆ. ಭಾನುವಾರವೇ ಮಳವಳ್ಳಿಗೆ ಹೆಣ್ಣು ನೋಡಲು ಹೋಗಬೇಕಿತ್ತು. ಇದನ್ನು ಹೇಳಿದರೆ ಯಾರು ಹೆಣ್ಣು ಕೊಡುತ್ತಾರೆ? ಯೋಚಿಸುತ್ತ ಮತ್ತೆ ಕೆನ್ನೆಗೆ ಕೈ ಕೊಟ್ಟೆ. ಪಕ್ಕದ ಬೆರಳೂ ಜೋಮು ಹಿಡಿಯಿತು.

ಮರುದಿನ ಗುಟ್ಟಾಗಿ ಮಂಡ್ಯಕ್ಕೆ ಹೋದೆ. ಅಲ್ಲಿನ ಡಾಕ್ಟರೊಬ್ಬರ ಹತ್ತಿರ ನರ ಪರೀಕ್ಷಿಸುವ ಕರೆಂಟಿನ ಪೆಟ್ಟಿಗೆಯೊಂದಿತ್ತು. ಅವರು ಮಡಿಸಿದ ನನ್ನ ತೋಳಿಗೆ ತಂತಿ ತಾಗಿಸಿದರು. ಬೆರಳು ಸೋಮಾರಿಯಂತೆ ಅಲುಗಿತು. ಡಾಕ್ಟರು "ಹೂಂ" ಎಂದರು. ಆ ಒಂದು "ಹೂಂ"ಗೆ ನನ್ನ ಬನಿಯನ್ನು ಒದ್ದೆಯಾಯಿತು. ಆಮೇಲೆ ಕೈ ಚಾಚಿಸಿ ಮತ್ತೆ ತಾಗಿಸಿದರು. ಬೆರಳು ಚಂಗನೆ ಹಾರಿತು!

"ಬೆರಳಿನ ನರ ಮೊಣಕೈ ಹಿಂದಿನಿಂದ ಬರುತ್ತೆ. ಮಡಿಸಿಕೊಂಡೇ ಕೂತರೆ ಎಳೆದು ಹಿಡಿದಂತಾಗುತ್ತೆ. ರೋಗವೂ ಇಲ್ಲ, ಏನೂ ಇಲ್ಲ, ಮೇಷ್ಟ್ರೇ. ಸ್ವಲ್ಪ ದಿನ ಕೈ ಮಡಿಸಬೇಡಿ" ಎಂದರು.

ದಿನಕ್ಕೆ ಎಷ್ಟು ಹೊತ್ತು ಮಡಿಸಬಾರದೆಂದು ಅವರು ಹೇಳಲಿಲ್ಲ, ಹೆದರಿಕೆಯಲ್ಲಿ ನಾನೂ ಕೇಳಲಿಲ್ಲ. ಆದ್ದರಿಂದ ಮಡಿಸಲೇ ಇಲ್ಲ. ಭಾನುವಾರ ಸೋದರಮಾವನ ಜೊತೆ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಕೈಯನ್ನು ಕೋಲಿನಂತೆ ಹಿಡಿದುಕೊಂಡೇ ಮಳವಳ್ಳಿ ಸೇರಿದೆ. ಮನೆಯಲ್ಲೇನೋ ಯಾರಿಗೂ ಕಾಣದಂತೆ ಎಡಗೈಯಲ್ಲಿ ತಿಂದಿದ್ದೆ; ಹೆಣ್ಣಿನ ಮನೆಯಲ್ಲಿ ಅದು ಆಗದು, ಚಾಚಿದ ಬಲಗೈ ಬಾಯಿಗೆ ಎಟುಕದು ಎಂದು ಹೊಳೆದದ್ದು ಉಪ್ಪಿಟ್ಟಿನ ತಟ್ಟೆ ಮುಂದೆ ಬಂದ ಮೇಲೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ "ಬೇಡ" ಎಂದೆ.

ಹುಡುಗಿಯ ಅಜ್ಜಿ ಸುಮ್ಮನಿರುವವರಲ್ಲ. "ಅಲ್ಲ ಕಣಪ್ಪ, ಬಂದಾಗ್ಲಿಂದ ನಿನ್ ಕೈ ನೆಟ್ಟಗೇ ಅದಲ್ಲ! ಮಡ್ಚಕ್ ಬರಾಕಿಲ್ವಾ?"

ಮುಚ್ಚಿಡಬೇಕೆಂದಿದ್ದದ್ದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿಬಿಟ್ಟೆ: ಜೋಮು, ಕರೆಂಟಿನ ಪೆಟ್ಟಿಗೆ, ಡಾಕ್ಟರ ಮಾತು. ಕುಷ್ಠದ ಭಯವನ್ನೂ ಬಿಡಲಿಲ್ಲ. ಮಾವ ಹಣೆ ಚಚ್ಚಿಕೊಂಡ. ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಂಬಂಧ ಮುರಿಯಿತೆಂದುಕೊಂಡೇ ಊರಿಗೆ ಬಂದೆ.

ವಾರ ಕಳೆಯುವುದರೊಳಗೆ ಮಾವ ಬಾಗಿಲಲ್ಲೇ ಕೂಗಿದ: "ಒಪ್ಪವ್ರೆ ಕಣ್ಲಾ! ಉಡ್ಗೀನೇ ಅಂದ್ಲಂತೆ, ಒಟ್ಟೆ ಅಸ್ಕೊಂಡ್ ಕೂತ್ರೂವೆ ಡಾಕ್ಟ್ರು ಮಾತ್ ಮೀರ್ನಿಲ್ಲ, ಇಂಥೋರು ಯೋಳ್ದಂಗ್ ಕೇಳ್ತಾರೆ ಅಂತ."

ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಆ ಮಾತು ಸುಳ್ಳಾಗಿಲ್ಲ. ಮೊಣಕೈ ಈಗ ಚೆನ್ನಾಗಿದೆ. ಅದನ್ನು ಯಾವಾಗ ಮಡಿಸಬೇಕು, ಯಾವಾಗ ಚಾಚಬೇಕು ಎಂದು ಹೇಳುವವರು ಮಾತ್ರ ಡಾಕ್ಟರಲ್ಲ.