ಆರತಿಗೆ ಬೆಂಕಿ ಎನ್ನಬಾರದು

ಅಸಿಟೋನ್ ಬಣ್ಣವಿಲ್ಲದ ದ್ರವ. ನೀರಿನೊಡನೆ ಪೂರ್ತಿ ಬೆರೆಯುತ್ತದೆ. ಮುಚ್ಚಳ ತೆರೆದಿಟ್ಟರೆ ಆರಿಹೋಗುತ್ತದೆ. ಉಗುರುಬಣ್ಣವನ್ನೂ ಹಲವು ಬಗೆಯ ಪ್ಲಾಸ್ಟಿಕ್ಕನ್ನೂ ಕರಗಿಸುತ್ತದೆ. ಅದರ ಆವಿ ಗಾಳಿಗಿಂತ ಭಾರ; ನೆಲಕ್ಕಂಟಿ ಹರಿದು, ದೂರದ ಕಿಡಿಯನ್ನು ಮುಟ್ಟಿ, ಬೆಂಕಿಯನ್ನು ಕರೆದುಕೊಂಡು ಡ್ರಮ್ಮಿಗೆ ಹಿಂತಿರುಗುತ್ತದೆ.

ಇಷ್ಟು ಕಲಿತು ಬಿ.ಎಸ್ಸಿ. ಮುಗಿಸಿ, ಉದ್ಯೋಗ ವಿನಿಮಯ ಕಚೇರಿಯಲ್ಲಿ ಹೆಸರು ಬರೆಸಿ ಕಾದು ಸೋತ ಮೇಲೆ, ಯಶವಂತಪುರದ ಒಂದು ಸ್ಕೂಟರ್ ಹೆಲ್ಮೆಟ್ ಕಾರ್ಖಾನೆಗೆ ಸೇರಿದೆ. ಅಂಟು ಮೆತ್ತಿದ ಬ್ರಷ್ಷುಗಳನ್ನು ತೊಳೆಯಲು ಅಲ್ಲಿ ಅಸಿಟೋನ್ ಬೇಕು. ಡ್ರಮ್ ಇದ್ದದ್ದು ಬಾಗಿಲ ಪಕ್ಕದಲ್ಲಿ. ಶೆಡ್ಡಿಗೆ ಇದ್ದದ್ದು ಅದೊಂದೇ ಬಾಗಿಲು. ಡ್ರಮ್ಮನ್ನು ಹೊರಗಿಡಿ ಎಂಬುದು ನನ್ನ ಏಕೈಕ ಬೇಡಿಕೆ; "ನೋಡೋಣ" ಎಂಬುದು ಮಾಲೀಕರ ಏಕೈಕ ಉತ್ತರ. ಇಂಥ ಕಡೆ ಪ್ರಸಂಗಗಳಿಗೆ ಬರವಿರುವುದಿಲ್ಲ.

ಆರಿದ್ದು

ಶನಿವಾರ ತುಂಬಿಟ್ಟ ಕ್ಯಾನು ಸೋಮವಾರ ಅರ್ಧವಾಗಿತ್ತು.

"ಯಾರ್ರೀ ಕದ್ದಿದ್ದು?" ಎಂದರು ಮಾಲೀಕರು.

"ಯಾರೂ ಅಲ್ಲ ಸರ್. ಮುಚ್ಚಳ ಹಾಕಿರಲಿಲ್ಲ. ಆರಿಹೋಗಿದೆ."

"ಆರೋಕೆ ಅದೇನ್ ದೀಪವೇನ್ರೀ?"

ದ್ರವ ಆವಿಯಾಗುವ ಬಗೆಯನ್ನು ವಿವರಿಸಿದೆ. ಆ ಆವಿ ಶೆಡ್ಡಿನೊಳಗೇ ತುಂಬಿಕೊಳ್ಳುತ್ತದೆ, ಅಪಾಯ ಎಂದೂ ಹೇಳಿದೆ. ಅವರು ಗಂಭೀರವಾಗಿ ಆಲಿಸಿ ಅಪ್ಪಣೆ ಕೊಟ್ಟರು: "ಹಾಗಾದ್ರೆ ಇನ್ಮೇಲೆ ಕಿಟಕಿ ಎಲ್ಲಾ ಭದ್ರವಾಗಿ ಮುಚ್ಚಿ ಹೋಗ್ರಿ. ನಮ್ಮ ಮಾಲು ಹೊರಗೆ ಹೋಗ್ಬಾರ್ದು."

ಕರಗಿದ್ದು

ಫೋರ್‌ಮನ್ ಧಾರವಾಡದ ಕಡೆಯವರು. ಅವರ ಕನ್ನಡಕಕ್ಕೆ ಅಂಟು ಸಿಡಿದಿತ್ತು. ಅಸಿಟೋನಿನಲ್ಲಿ ಅದ್ದಿ ಒರೆಸಿಕೊಂಡರು. ಗಾಜು ಹೊಳೆಯಿತು, ಫ್ರೇಮು ಮೆತ್ತಗಾಗಿ ಬೆರಳಿಗೆ ಹತ್ತಿಕೊಂಡಿತು.

"ಏನ್ರೀ ಬಿಎಸ್ಸಿ, ನಿಮ್ಮ ನೀರು ನನ್ನ ಚಾಳೀಸು ತಿಂದ್ ಬಿಡ್ತಲ್ರೀ!"

"ಪ್ಲಾಸ್ಟಿಕ್ ಕರಗುತ್ತದೆ ಎಂದು ಹೇಳಿದ್ದೆನಲ್ಲ?"

"ನೀವು ಹೇಳಿದ್ದು ಪ್ಲಾಸ್ಟಿಕ್ರೀ. ಇದು ಚಾಳೀಸು."

ಬೋರ್ಡು

ಡ್ರಮ್ಮಿನ ಮೇಲೆ ಕೆಂಪಕ್ಷರದ ಹಲಗೆ ತೂಗುಹಾಕಿದೆ: "ಇಲ್ಲಿ ಬೆಂಕಿ ಹಚ್ಚಬಾರದು." ಮರುದಿನ ಅದೇ ಫೋರ್‌ಮನ್, ಹೊಸ ಕನ್ನಡಕ ಧರಿಸಿ, ಹಲಗೆಯ ಕೆಳಗೆ ಬೀಡಿ ಸೇದುತ್ತ ನಿಂತಿದ್ದರು. ನಾನು ಕಿರುಚಿದೆ.

"ಒದರಬ್ಯಾಡ್ರೀ. ಬೋರ್ಡು ಓದೀನಿ. ಅದಕ್ಕ ಹೊರಗ ಹಚ್ಚಿಕೊಂಡು ಬಂದೀನಿ."

ಆರತಿ

ಆಯುಧಪೂಜೆಯ ದಿನ. ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆತಂದಿದ್ದರು; ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜೆಗೆಂದು ಹೆಲ್ಮೆಟ್ಟಿನ ಅಚ್ಚುಗಳನ್ನೆಲ್ಲ ಅಗಲವಾದ ತಟ್ಟೆಯಲ್ಲಿ ಅಸಿಟೋನ್ ಸುರಿದು ತೊಳೆದು, ಆ ತಟ್ಟೆಯನ್ನು ತುಂಬಿದಂತೆಯೇ ಡ್ರಮ್ಮಿನ ಬುಡದಲ್ಲಿ ಬಿಟ್ಟಿದ್ದರು. ಡ್ರಮ್ಮಿಗೂ ವಿಭೂತಿ, ಕುಂಕುಮ, ಸೇವಂತಿಗೆ ಹಾರ. ನನ್ನ ಹಲಗೆ ಹಾರದ ಹಿಂದೆ ಮರೆಯಾಗಿತ್ತು.

ಮಾಲೀಕರ ತಾಯಿ ಒಂದೊಂದೇ ಯಂತ್ರಕ್ಕೆ ಕರ್ಪೂರದಾರತಿ ಬೆಳಗುತ್ತ ಬಾಗಿಲ ಕಡೆಗೆ ಬಂದರು.

"ಅಮ್ಮಾ, ನಿಲ್ಲಿ! ಬೆಂಕಿ!"

"ಆರತಿಗೆ ಬೆಂಕಿ ಅಂತೀಯಾ? ಹಬ್ಬದ ದಿನ! ಬಿಡ್ತು ಅನ್ನು."

"ಬಿಡ್ತು" ಎಂದೆ. ಅವರು ಸಮಾಧಾನಗೊಂಡು ಮತ್ತೊಂದು ಹೆಜ್ಜೆ ಮುಂದಿಟ್ಟರು. ಕೈಗೆ ಸಿಕ್ಕಿದ್ದು ಪ್ರಸಾದದ ಪಾತ್ರೆ. ಅದನ್ನು ಕೋಸಂಬರಿಯ ಸಮೇತ ಆರತಿಯ ಮೇಲೆ ಬೋರಲು ಹಾಕಿದೆ.

ಆರತಿ ಆರಿತು. ಮಕ್ಕಳು ಕೋಸಂಬರಿಗಾಗಿ ಅತ್ತರು.

"ಆರತಿ ಆರಿಸ್ತೀರೇನ್ರೀ? ನಾಳೆಯಿಂದ ಬರ್ಬೇಡಿ!" ಎಂದರು ಮಾಲೀಕರು.

"ಬರುವುದಿಲ್ಲ ಸರ್. ಆ ಡ್ರಮ್ಮನ್ನಾದರೂ ಹೊರಗಿಡಿಸಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಇಷ್ಟು ಓದಿದೀರ, ಅಷ್ಟೂ ಗೊತ್ತಿಲ್ವಲ್ರೀ. ಪೂಜೆಗೆ ಕೂರಿಸಿದ್ದನ್ನ ಕದಲಿಸ್ತಾರಾ?"

ಸಂಜಯನಗರದ ನನ್ನ ಕೋಣೆಗೆ ಸೈಕಲ್ ತುಳಿದು ಬಂದೆ. ಡ್ರಮ್ ಬಾಗಿಲ ಪಕ್ಕದಲ್ಲೇ ಇದೆ. ಒಳಗೆ ಜನರೂ ಇದ್ದಾರೆ. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ನಕ್ಕು ಮುಗಿದ ಮೇಲೆ ಇದನ್ನು ಮತ್ತೊಬ್ಬರಿಗೆ, ವಿಶೇಷವಾಗಿ ಶೆಡ್ಡುಗಳಲ್ಲಿ ದುಡಿಯುವವರಿಗೆ, ಓದಿ ಹೇಳಿ. ಹೊರಗೆ ಹಚ್ಚಿ ತಂದರೂ ಬೀಡಿ ಬೆಂಕಿಯೇ. ಆರತಿಯೂ ಬೆಂಕಿಯೇ.

ಬಿಡ್ತು.