ಕೊಂಡ್ಲಹಳ್ಳಿ ದಾರಿಯಲ್ಲಿ ಹಿಮಪಾತ

ನನ್ನ ಹೆಂಡತಿ ಮಂಗಳಗೌರಿಗೆ ನನ್ನ ಕಾರನ್ನು ಕಂಡರಾಗದು. ಸವತಿಯನ್ನಾದರೂ ಸಹಿಸಿಕೊಳ್ಳುತ್ತಿದ್ದಳೋ ಏನೋ. ಸವತಿ ಬೆಳಗಿನ ಹೊತ್ತು ಕೆಟ್ಟು ನಿಂತರೆ ಸೀರೆ ಎತ್ತಿಕಟ್ಟಿ ತಳ್ಳುವ ಪ್ರಸಂಗ ಬರುವುದಿಲ್ಲವಲ್ಲ.

ಕಾರು ಒಳ್ಳೆಯದೇ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರೊಬ್ಬರು ಹೊಸದು ಕೊಂಡಾಗ ದನಗಳಿಗೆ ಹಾಕುವ ಹಿಂಡಿಯ ವ್ಯಾಪಾರಿಯಾದ ನಾನು ಅವರ ಹಳೆಯದನ್ನು ಬರಮಾಡಿಕೊಂಡಿದ್ದೆ. ಬೇಸಿಗೆಯಲ್ಲಿ ಬಾಣದಂತೆ ಓಡುತ್ತದೆ. ಮಳೆಗಾಲದಲ್ಲೂ ತಕರಾರಿಲ್ಲ (ನಮ್ಮ ಕಡೆ ಮಳೆಗಾಲವೆನ್ನುವುದು ಪಂಚಾಂಗದಲ್ಲಷ್ಟೇ ಇರುವುದರಿಂದ ಇದನ್ನು ಕಾರಿನ ಹೆಚ್ಚುಗಾರಿಕೆ ಎನ್ನಲಾರೆ). ಆದರೆ ದೀಪಾವಳಿ ಕಳೆದು ಮುಂಜಾನೆಯ ಗಾಳಿ ತಣ್ಣಗಾಯಿತೋ, ಅದಕ್ಕೆ ಮೈಗಳ್ಳತನ ಶುರು. ಬಿಸಿಲೇರುವ ತನಕ ಕೀಲಿ ತಿರುಗಿಸಿದಾಗಲೆಲ್ಲ ಕೆಮ್ಮುತ್ತದೆಯೇ ಹೊರತು ಏಳುವುದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋದ ಮೇಲೆ ಮತ್ತೆ ಮೊದಲಿನ ಹಾಗೆ.

ಹೋದ ಚಳಿಗಾಲದಲ್ಲಿ ಕೊಂಡ್ಲಹಳ್ಳಿಯ ಮಾವನ ಮನೆಯಿಂದ ಬೆಳಿಗ್ಗೆ ಹೊರಟಾಗ ಅದು ಹೀಗೇ ಮಾಡಿತು. ಮಾವ ಮುರುಗೇಂದ್ರಪ್ಪನವರು ಆದಿಯಾಗಿ ಬೀದಿಯ ಗಂಡಸರೆಲ್ಲ ಸೇರಿ ಊರಾಚೆಯ ಇಳಿಜಾರಿನ ತನಕ ತಳ್ಳಿಕೊಟ್ಟರು. ನಾನು ಸ್ಟಿಯರಿಂಗ್ ಹಿಡಿದು ಕಿಟಕಿಯಿಂದ ಎಲ್ಲರಿಗೂ ಕೈಮುಗಿಯುತ್ತಿದ್ದೆ. ಪಕ್ಕದಲ್ಲಿ ಮಂಗಳಗೌರಿ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದಳು. ಆ ಸೆರಗು ಕೆಳಗಿಳಿದದ್ದು ಚಳ್ಳಕೆರೆಯ ಪೇಟೆ ಬಂದಾಗಲೇ.

ಈ ಸಲ ಸಂಕ್ರಾಂತಿ ಕಳೆದು ಶೂನ್ಯಮಾಸ ಮುಗಿದದ್ದೇ ತಡ, ನಾದಿನಿ ತ್ರಿವೇಣಿಯನ್ನು ನೋಡಲು ಗಂಡಿನ ಕಡೆಯವರು ಭಾನುವಾರ ಬರುತ್ತಾರೆಂದು ಕೊಂಡ್ಲಹಳ್ಳಿಯಿಂದ ಫೋನು ಬಂತು. ದೊಡ್ಡಳಿಯನೂ ಮಗಳೂ ಬೆಳಿಗ್ಗೆ ಬೇಗ ಬಂದು ಮುಂದೆ ನಿಂತು ನಡೆಸಿಕೊಡಬೇಕಂತೆ. ಬಸ್ಸಿಗೆ ಹೋಗೋಣ ಅಂದಳು ಇವಳು. ಮನೆ ಮುಂದೆ ಕಾರಿಟ್ಟುಕೊಂಡು ಹೆಣ್ಣು ನೋಡುವ ಶಾಸ್ತ್ರಕ್ಕೆ ಬಸ್ಸಿನಲ್ಲಿ ಇಳಿದರೆ ದೊಡ್ಡಳಿಯನ ಗತ್ತೇನಾಯಿತು ಅಂದೆ ನಾನು. ಮಾತಿಗೆ ಮಾತು ಬೆಳೆದು, ಒಗ್ಗರಣೆ ಸೀದು, ಕೊನೆಗೆ ಅವಳು ಸೌಟು ಕೆಳಗಿಟ್ಟು ತೀರ್ಪು ಕೊಟ್ಟಳು.

"ಆತ್ರೀ, ಕಾರಲ್ಲೇ ಬರ್ತೀನಿ. ಆದ್ರೆ ಈ ಸಲ ಅದು ದಾರೀಲಿ ನಿಂತ್ರೆ ನಾನು ಹಿಂದೆ ಬರೋ ಬಸ್ ಹತ್ತೋಳೇ. ಸೋಮವಾರ ನೀವು ಕಾರು ಮಾರೋದೇ. ಅತ್ತೇರ ಮುಂದೆ ಮಾತು ಕೊಡ್ರಿ."

ತೂಗುಮಂಚದ ಮೇಲೆ ಕುಳಿತಿದ್ದ ಅವ್ವ ನನ್ನ ಕಡೆ ನೋಡಿದಳು. ಮಾತು ಕೊಟ್ಟೆ. ಓದುಗರೇ, ನನಗೆ ಆ ಕಾರೆಂದರೆ ಪ್ರಾಣ. ಗಾಂಧಿ ಟೋಪಿಯ ಸಾಹುಕಾರರಿಂದ ಹಿಡಿದು ಹಮಾಲರವರೆಗೆ ಮಾರುಕಟ್ಟೆಯಲ್ಲಿ ಎಲ್ಲರೂ ನನ್ನನ್ನು 'ಕಾರಿನ ಹಿಂಡಿಯವರು' ಅನ್ನುತ್ತಾರೆ. ಬರೀ ಹಿಂಡಿಯವನಾಗಿ ಮತ್ತೆ ಬದುಕುವುದು ನನ್ನಿಂದಾಗದು.

ಇಂಥ ಹೊತ್ತಿನಲ್ಲಿ ಕೈಹಿಡಿದದ್ದು ನನ್ನ ಅಂಗಡಿಯ ರದ್ದಿ. ಪೊಟ್ಟಣ ಕಟ್ಟಲು ತರಿಸಿದ ಹಳೇ ಕಾಗದದಲ್ಲಿ ಹೊರದೇಶದ ಇಂಗ್ಲಿಷ್ ಪತ್ರಿಕೆಯೊಂದಿತ್ತು. ತಿರುವುತ್ತಿದ್ದರೆ ಅದರಲ್ಲಿ 'ಚಳಿಗಾಲದ ಪ್ರಯಾಣಕ್ಕೆ ನಿಮ್ಮ ಕಾರನ್ನು ಸಜ್ಜುಗೊಳಿಸಿ' ಎಂಬ ಲೇಖನ. ಮೇಲೆ ಹಿಮದಲ್ಲಿ ಅರ್ಧ ಹೂತುಹೋದ ಕಾರಿನ ಚಿತ್ರ. ನನ್ನ ಕಾರಿನ ಸಂಕಟವನ್ನು ಸಮುದ್ರದಾಚೆಯ ಪುಣ್ಯಾತ್ಮನೊಬ್ಬ ಅರ್ಥಮಾಡಿಕೊಂಡಿದ್ದಾನಲ್ಲ ಎಂದು ಕಣ್ಣು ಮಂಜಾಯಿತು. ಅಂದಿನಿಂದಲೇ ಅಶ್ವಮೇಧದ ಕುದುರೆಯಂತೆ ಕಾರನ್ನು ಸಿಂಗರಿಸತೊಡಗಿದೆ.

ರೇಡಿಯೇಟರಿನ ನೀರು ಹೆಪ್ಪುಗಟ್ಟದಂತೆ ಅದಕ್ಕೊಂದು ದ್ರವ ಬೆರೆಸಬೇಕೆಂದಿತ್ತು. ಮೆಕ್ಯಾನಿಕ್ ಪಾತಣ್ಣನನ್ನು ಕೇಳಿದೆ. ಅವನು ಬಹಳ ಹೊತ್ತು ನನ್ನನ್ನೇ ನೋಡಿ, ಚಳ್ಳಕೆರೆಯಲ್ಲಿ ರೇಡಿಯೇಟರಿನ ನೀರು ಕುದಿಯುವುದನ್ನು ಕಂಡಿದ್ದೇನೆ, ಹೆಪ್ಪಾಗುವುದು ಮನೆಯಲ್ಲಿ ಹಾಲು ಮಾತ್ರ ಅಂದ. ಬ್ಯಾಟರಿ ಮತ್ತು ಪ್ಲಗ್ಗು ಬದಲಾಯಿಸಿ ಕಳಿಸಿದ. ಚಕ್ರ ಜಾರದಿರಲು ಡಿಕ್ಕಿಯಲ್ಲಿ ಭಾರ ಇರಬೇಕೆಂದಿತ್ತು. ಮರಳು ತುಂಬಿದ ಚೀಲಗಳನ್ನು ಪೇರಿಸಿದೆ. ಹಿಮ ಬಗೆಯಲು ಸಲಿಕೆ ಬೇಕೆಂದಿತ್ತು, ಇಟ್ಟೆ. ಹಿಮದಲ್ಲಿ ಸಿಕ್ಕಿಬಿದ್ದರೆ ಹೊದೆಯಲು ದಪ್ಪ ಹೊದಿಕೆ ಎಂದಿತ್ತು. ಕಂಬಳಿಗೆ ಚಳ್ಳಕೆರೆಯಲ್ಲಿ ಬರವೇ? ನನಗೊಂದು, ಕಾರಿಗೆ ರಾತ್ರಿ ಹೊದಿಸಲು ದೊಡ್ಡದೊಂದು ಕೊಂಡೆ. ಟೈರುಗಳಿಗೆ ಸರಪಳಿ ಸುತ್ತಬೇಕೆಂದೂ ಇತ್ತು. ಮನೆಯಲ್ಲಿದ್ದದ್ದು ತೂಗುಮಂಚದ ಸರಪಳಿ ಮಾತ್ರ. ಅವ್ವ ಕೆಳಗಿಳಿಯಲು ಒಪ್ಪದ್ದರಿಂದ ಅದೊಂದನ್ನು ಕೈಬಿಟ್ಟೆ.

ಮಂಗಳಗೌರಿ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದಳು. ಹೆಣ್ಣು ನೋಡಾಕೆ ಹೊಂಟೀವೋ ಬಾವಿ ತೋಡಾಕೋ ಎಂದು ಕೇಳಿ ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಕಂಬಳಿ ತೆಗೆದು, ದೇವರ ಹೆಸರು ಹೇಳಿ, ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಕಾರು ಎದ್ದಿತು. ನಾನು ಸುಳ್ಳು ಹೇಳುತ್ತಿಲ್ಲ, ಜನವರಿಯ ಆ ಥಂಡಿಯಲ್ಲಿ ಒಂದೇ ಏಟಿಗೆ. ಮಂಗಳಗೌರಿಯ ಮುಖ ನೋಡಿದೆ. ಮೊಳಕಾಲ್ಮೂರು ರೇಷ್ಮೆ ಸೀರೆಯ ಸೆರಗನ್ನು ಸರಿಪಡಿಸಿಕೊಳ್ಳುತ್ತ ಅವಳು ಏನೂ ಆಗಿಲ್ಲವೆಂಬಂತೆ ಕುಳಿತಳು. ಮಗನನ್ನು ಅವ್ವನ ಹತ್ತಿರ ಬಿಟ್ಟು ಹೊರಟೆವು.

ದಾರಿಯುದ್ದಕ್ಕೂ ನನ್ನ ಉತ್ಸಾಹ ಹೇಳತೀರದು. ಮರಳಿನ ಭಾರಕ್ಕೆ ಕಾರಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡುತ್ತಿತ್ತು, ಆದರೂ ನಡಿಗೆ ಗಂಭೀರವಾಗಿತ್ತು. ತಳುಕು ದಾಟುವಾಗ ಕ್ಲಚ್ಚಿನ ತತ್ವವನ್ನೂ, ಆಮೇಲೆ ಗೇರಿನ ಮರ್ಮವನ್ನೂ ಅವಳಿಗೆ ವಿವರಿಸಿದೆ. ಮದುವೆಯಾದಂದಿನಿಂದ ನಾನು ಅವಳಿಗೆ ಇದನ್ನು ಹೇಳಿಕೊಡುತ್ತಲೇ ಇದ್ದೇನೆ. ಅವಳು ಎಂದಿನಂತೆ ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದಳು. ಹೆಂಗಸರಿಗೆ ಯಂತ್ರದ ವಿಷಯ ತಲೆಗೆ ಹತ್ತುವುದಿಲ್ಲ ಎಂದು ಮನಸ್ಸಿನಲ್ಲೇ ಮರುಗಿದೆ.

ಬಿ.ಜಿ. ಕೆರೆ ಬಿಟ್ಟು ಕೊಂಡ್ಲಹಳ್ಳಿಯ ದಾರಿ ಹಿಡಿದ ಮೇಲೆ ಹಿಮಪಾತವಾಯಿತು.

ಹಿಮವೆಂದರೆ ಹುರುಳಿ. ಕಿತ್ತು ಒಣಗಿಸಿದ ಹುರುಳಿ ಬಳ್ಳಿಯನ್ನು ಟಾರು ರಸ್ತೆಯ ಉದ್ದಗಲಕ್ಕೂ ಮೊಣಕಾಲೆತ್ತರ ಹರವಿದ್ದರು. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಹೋಗಿ ಬರುವ ಲಾರಿ ಬಸ್ಸುಗಳು ತುಳಿದು ಕಾಳು ಬಿಡಿಸಿಕೊಡುತ್ತವೆ, ರೈತರು ಬದುವಿನ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಾರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಚಕ್ರ ಬಳ್ಳಿಯ ಮೇಲೆ ಹತ್ತಿ ಒಂದಿಷ್ಟು ಜಾರಿತು ನೋಡಿ, ನನ್ನ ತಲೆಯಲ್ಲಿ ಪತ್ರಿಕೆಯ ಆ ಪುಟ ತೆರೆದುಕೊಂಡಿತು. ಜಾರಿದ ಕಡೆಗೇ ಸ್ಟಿಯರಿಂಗ್ ತಿರುಗಿಸಬೇಕು. ತಿರುಗಿಸಿದೆ. ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಬೇಕು. ಮಾಡಿದೆ.

"ನಿಲ್ಲಿಸ್ಬ್ಯಾಡ್ರಿ, ಹಂಗೇ ನಡೀರಿ, ನಿಲ್ಲಿಸ್ಬ್ಯಾಡ್ರಿ" ಎಂದು ಮಂಗಳಗೌರಿ ಹೇಳಿದಳು. ಹಿಮದ ಶಾಸ್ತ್ರ ಓದಿದವನು ನಾನೋ ಅವಳೋ? ಇನ್ನೊಮ್ಮೆ ಬ್ರೇಕು ಒತ್ತಿದೆ. ಕಾರಿನ ಹೊಟ್ಟೆಯಡಿ ಕರಕರ ಸದ್ದಾಯಿತು, ಸುಟ್ಟ ಸೊಪ್ಪಿನ ವಾಸನೆ ಬಂತು, ಎಂಜಿನ್ ಎರಡು ಸಲ ಬಿಕ್ಕಿ ಹುರುಳಿಯ ನಟ್ಟನಡುವೆ ನಿಂತುಹೋಯಿತು.

ಬದುವಿನ ಮೇಲಿಂದ ಹುರುಳಿಯ ಒಡತಿ ಯರ್ರಮ್ಮ ಕುಡುಗೋಲು ಹಿಡಿದೇ ಇಳಿದು ಬಂದಳು. ಬೆಳೆ ತುಳಿದದ್ದಕ್ಕೆ ಬೈಯುತ್ತಾಳೆಂದು ನಾನು ಕೈಜೋಡಿಸಿದರೆ, ಅವಳ ಸಿಟ್ಟು ನಾನು ತುಳಿಯದೆ ನಿಂತದ್ದಕ್ಕೆ.

"ಏಮಯ್ಯಾ, ತುಳೀಲಿ ಅಂತ ಹಾಕಿದ್ರೆ ಅದರ ಮ್ಯಾಲೆ ಸಂಸಾರ ಹೂಡೀಯಲ್ಲ. ಬಸ್ ಬರೋ ಹೊತ್ತಾತು. ಹತ್ತು ಕಾರು ತುಳ್ಯೋದು ಒಂದು ಬಸ್ ತುಳೀತೈತಿ. ಅತ್ಲಾಗೆ ತೆಗಿ."

ತೆಗೆಯುವುದು ಹೇಗೆ? ನಾನು ಕಾರಿನಡಿಗೆ ನುಸುಳಿ ನೋಡಿದೆ. ಹಗ್ಗ ಹೊಸೆದ ಹಾಗೆ ಬಳ್ಳಿ ಚಕ್ರಕ್ಕೂ ಅಚ್ಚಿಗೂ ಬಿಗಿಯಾಗಿ ಸುತ್ತಿಕೊಂಡಿತ್ತು. ಹೊರಗೆ ಬಂದು ಡಿಕ್ಕಿಯಿಂದ ಸಲಿಕೆ ತೆಗೆದು ಬಗೆಯತೊಡಗಿದೆ. ನಾಲ್ಕು ಸಲ ಬಗೆಯುವಷ್ಟರಲ್ಲಿ ಕಾಳು ರಸ್ತೆಯಾಚೆ ಚೆಲ್ಲುತ್ತದೆಂದು ಯರ್ರಮ್ಮ ಸಲಿಕೆಗೇ ಕೈಹಾಕಿದಳು. ಚಳಿಯಿತ್ತು, ಆದರೂ ನನ್ನ ಬೆನ್ನಿನಲ್ಲಿ ಬೆವರಿಳಿಯುತ್ತಿತ್ತು.

ಅಷ್ಟರಲ್ಲಿ ಹಿಂದೆ ಹಾರ್ನ್ ಕೇಳಿಸಿತು. ಬಸ್ಸು ಬಂದು ಕಾರಿನ ಬಾಲಕ್ಕೆ ನಿಂತಿತು. ಅದರ ಹೆಡ್‌ಲೈಟುಗಳು ನನಗೆ ಯಮನ ಕೋಣದ ಕಣ್ಣಿನಂತೆ ಕಂಡವು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ, ರೇಷ್ಮೆ ಸೀರೆಯವರನ್ನು ಕಂಡು, ಕೊಂಡ್ಲಹಳ್ಳಿಗಾದ್ರೆ ಬರ್ರಮ್ಮಾ ಎಂದು ಕರೆದ. ಮಂಗಳಗೌರಿ ಕಾರಿನಿಂದ ಇಳಿದಳು. ಅವಳು ಬಸ್ಸಿನ ಮೆಟ್ಟಿಲು ಹತ್ತಿದರೆ ಮುಗಿಯಿತು, ಸೋಮವಾರ ಕಾರು ಯಾರದೋ ಮನೆಯ ಮುಂದೆ. ಇದ್ದ ಮರ್ಯಾದೆಯನ್ನು ಬದಿಗಿಟ್ಟು ಅವಳ ಮುಂದೆ ನಿಂತು, ಒಂದೇ ಒಂದು ಅವಕಾಶ ಕೊಡು ಎಂದು ಬೇಡಿಕೊಂಡೆ.

ಅವಳು ಬಸ್ಸನ್ನು ನೋಡಿದಳು. ಕಾರನ್ನು ನೋಡಿದಳು. ನನ್ನ ತಲೆಯ ಮೇಲಿದ್ದ ಹುರುಳಿ ಎಲೆಯನ್ನು ನೋಡಿದಳು. ಆಮೇಲೆ ಮೊಳಕಾಲ್ಮೂರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಯರ್ರಮ್ಮನ ಕೈಯಿಂದ ಕುಡುಗೋಲು ಇಸಿದುಕೊಂಡು ನನ್ನ ಕೈಗಿಟ್ಟಳು.

"ಕೆಳಗೆ ಹೋಗಿ ಕಣ್ಣಿಗೆ ಕಾಣೋ ಬಳ್ಳಿ ಕುಯ್ರಿ. ಆಮೇಲೆ ದೂರ ನಿಲ್ರಿ."

ಕುಯ್ದೆ. ದೂರ ನಿಂತೆ. ಅವಳು ಹೋಗಿ ನನ್ನ ಜಾಗದಲ್ಲಿ ಕುಳಿತಳು. ನಾನು ಅಯ್ಯಯ್ಯೋ ಅನ್ನುವಷ್ಟರಲ್ಲಿ ಕಾರು ಎದ್ದು ಹಿಂದಕ್ಕೆ ಸರಿಯಿತು. ಬಸ್ಸಿನವನೂ ಬೆಚ್ಚಿ ಒಂದಿಷ್ಟು ಹಿಂದೆ ಹೋದ. ಮುಂದೆ ಹೋಗುವಾಗ ಸುತ್ತಿಕೊಂಡ ಬಳ್ಳಿ ಹಿಂದೆ ಬರುವಾಗ ತಾನಾಗಿ ಬಿಚ್ಚಿಕೊಂಡು ರಸ್ತೆಯ ಮೇಲೆ ಬಿತ್ತು. ಆಮೇಲೆ ಅವಳು ಗೇರು ಬದಲಾಯಿಸಿ, ಎಡಕ್ಕಿಲ್ಲ, ಬಲಕ್ಕಿಲ್ಲ, ಬ್ರೇಕಿನ ಮಾತೇ ಇಲ್ಲ, ತೇರೆಳೆದ ಹಾಗೆ ಒಂದೇ ಸಮನೆ ಹುರುಳಿಯ ಮೇಲೆ ನಡೆಸಿಕೊಂಡು ಹೊರಟಳು. ಯರ್ರಮ್ಮ ಸೊಂಟದ ಮೇಲೆ ಕೈಯಿಟ್ಟು, ಮನಿಷಿ ಅಂದ್ರೆ ಈಯಮ್ಮ ಅಂದಳು.

ನಾನು ಸಲಿಕೆ ಹಿಡಿದುಕೊಂಡು ಹಿಂದೆ ಓಡಿದೆ. ಕಿಟಕಿಯಿಂದ ಅವಳ ದನಿ ಬಂತು: "ನಿಲ್ಸಿದ್ರೆ ಮತ್ತೆ ಸುತ್ಕಂತೈತಿ. ಮುಂದೆಲ್ಲಾ ಹುರುಳಿ ಹಾಕವ್ರೆ. ನೀವು ಬಸ್ಸಿಗೆ ಬರ್ರಿ."

ಹೀಗೆ, ಕಾರು ದಾರಿಯಲ್ಲಿ ನಿಂತರೆ ಬಸ್ಸು ಹತ್ತುತ್ತೇನೆಂದವಳು ಕಾರಿನಲ್ಲಿ ಹೋದಳು. ನಾನು ಬಸ್ಸು ಹತ್ತಿದೆ. ಸಲಿಕೆಗೂ ಲಗೇಜು ಟಿಕೆಟ್ಟು ತೆಗೆಸಿದರು.

ಕೊಂಡ್ಲಹಳ್ಳಿಯಲ್ಲಿ ಇಳಿದು ಮಾವನ ಮನೆ ಮುಟ್ಟುವಾಗ ಗಂಡಿನ ಕಡೆಯವರು ಆಗಲೇ ಬಂದು ಕಟ್ಟೆಯ ಮೇಲೆ ಕುಳಿತು ಕಾಫಿ ಕುಡಿಯುತ್ತಿದ್ದರು. ಮೈಯೆಲ್ಲ ಹೊಟ್ಟು, ಹೆಗಲ ಮೇಲೆ ಸಲಿಕೆ. ಗಂಡಿನ ತಂದೆ ಬೊಮ್ಮಲಿಂಗಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಳು ಬಂದವ್ನೆ ನೋಡ್ರಿ, ಹಿತ್ತಲಿಗೆ ಕಳಿಸ್ರಿ ಎಂದು ಮಾವನಿಗೆ ಹೇಳಿದರು. ಮಾವ ಗಡಬಡಿಸಿ ಎದ್ದು, ನಮ್ಮ ದೊಡ್ಡಳಿಯಂದಿರು ಎಂದು ಪರಿಚಯಿಸಿದರು. ಬೊಮ್ಮಲಿಂಗಪ್ಪನವರು ಕಾಫಿ ಲೋಟ ಕೆಳಗಿಟ್ಟು ನನಗೆ ಜಾಗ ಬಿಟ್ಟು ಸರಿದು ಕುಳಿತರು.

ಒಳಗೆ ಅತ್ತೆ ಜಗದಾಂಬ ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಅವರಿಂದಲೇ ನನಗೆ ವಿಷಯ ತಿಳಿದದ್ದು. ಹುಡುಗಿಯಾಗಿದ್ದಾಗ ಮಂಗಳಗೌರಿ ಸುಗ್ಗಿಯ ಕಣದಲ್ಲಿ ಅಪ್ಪನ ಟ್ರ್ಯಾಕ್ಟರು ತುಳಿಸುತ್ತಿದ್ದಳಂತೆ. ಊರಿನ ಹುರುಳಿ, ಸಜ್ಜೆ, ನವಣೆಯೆಲ್ಲ ಅವಳ ಕೈಯಲ್ಲೇ ಒಕ್ಕಣೆಯಾದದ್ದಂತೆ. ಪೇಟೆಯ ಸಂಬಂಧ ಬಂದಾಗ, ಹುಡುಗಿ ಟ್ರ್ಯಾಕ್ಟರು ಓಡಿಸುತ್ತಾಳೆಂದರೆ ಗಂಡಿನವರು ಎದ್ದುಹೋದಾರೆಂದು ಅತ್ತೆಯೇ ಅವಳ ಬಾಯಿ ಕಟ್ಟಿದ್ದರಂತೆ. ನಾನು ತಳುಕಿನ ಹತ್ತಿರ ಹೇಳಿದ ಕ್ಲಚ್ಚಿನ ತತ್ವ ನೆನಪಾಗಿ ಕಿವಿ ಬಿಸಿಯಾಯಿತು. ಈಗ ಗಂಡಿನವರ ಎದುರೇ ಅಕ್ಕ ಕಾರು ಓಡಿಸಿಕೊಂಡು ಅಂಗಳಕ್ಕೆ ಬಂದಿದ್ದಾಳೆ, ತಂಗಿಯ ಗತಿಯೇನು ಎಂದು ಅತ್ತೆ ಕಣ್ಣೊರೆಸಿಕೊಂಡರು.

ಗತಿಯೇನೂ ಕೆಡಲಿಲ್ಲ. ತ್ರಿವೇಣಿ ಬಂದು ಕುಳಿತಾಗ ಬೊಮ್ಮಲಿಂಗಪ್ಪನವರು ಹಾಡು ಬರುತ್ತದೆಯೇ, ರಂಗೋಲಿ ಬರುತ್ತದೆಯೇ ಎಂದೆಲ್ಲ ಕೇಳಲಿಲ್ಲ. ನೀನೂ ನಿಮ್ಮಕ್ಕನ ಹಂಗೆ ಗಾಡಿ ಓಡಿಸ್ತೀಯೇನವ್ವಾ ಅಂದರು. ಅವಳು ತಲೆ ತಗ್ಗಿಸಿಯೇ, ಟ್ರ್ಯಾಕ್ಟರು ಮಾತ್ರ ಅಂದಳು. ಅವರ ಮನೆಯಲ್ಲಿ ಟ್ರ್ಯಾಕ್ಟರು ಇದೆಯಂತೆ, ಗಂಡಸರ ಪೈಕಿ ಯಾರ ಕೈಗೂ ಅದು ಬಗ್ಗಿಲ್ಲವಂತೆ. ಎಲೆಯಡಿಕೆ ತಟ್ಟೆ ಅಲ್ಲೇ ಕೈ ಬದಲಾಯಿತು. ಎಲ್ಲ ಮುಗಿದು ಹೊರಡುವಾಗ ಬೊಮ್ಮಲಿಂಗಪ್ಪನವರು ನನ್ನ ಬೆನ್ನು ತಟ್ಟಿ ಮಾವನಿಗೆ ಬುದ್ಧಿ ಹೇಳಿದರು.

"ಹೆಣ್ಣುಮಕ್ಕಳಿಗೆ ಚೆನ್ನಾಗಿ ಕಲ್ಸೀರಿ, ಮುರುಗೇಂದ್ರಪ್ಪೋರೆ. ಅಳಿಯಂದ್ರಿಗೂ ಒಂದೀಟು ಕಲ್ಸಿದ್ರೆ ಚೆನ್ನಾಗಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಮನಸ್ಸೆಲ್ಲ ಸೋಮವಾರದ ಮೇಲಿತ್ತು. ಬಿಸಿಲು ಇಳಿದ ಮೇಲೆ ಅಂಗಳದಲ್ಲಿ ನಾವಿಬ್ಬರೇ ಆದಾಗ, ಅವಳು ಕಾರಿನಲ್ಲೇ ಬಿಟ್ಟಿದ್ದ ಕೀಲಿ ತೆಗೆದುಕೊಂಡು, ಬಾನೆಟ್ಟಿನ ಮೇಲೆ ಕೈಯಿಟ್ಟು, ಹಾಗಾದರೆ ಕಾರು ಮಾರುವುದೇ ಎಂದು ಕೇಳಿದೆ.

ಮಂಗಳಗೌರಿ ಸೀರೆಗೆ ಅಂಟಿದ್ದ ಹೊಟ್ಟು ಕೊಡವುತ್ತ, "ಕಾರ್ಯಾಕೆ ಮಾರ್ತೀರಿ? ಅದು ಎಲ್ಲಿ ನಿಂತಿತ್ತು? ನಿಲ್ಸಿದ್ದು ನೀವು. ಕಾರಿನ ತಪ್ಪು ಏನೂ ಇಲ್ಲ" ಅಂದಳು.

ಎಷ್ಟು ಹಗುರವಾಯಿತೆಂದರೆ ಹೇಳಲಾರೆ. ಕಾರನ್ನು ತಬ್ಬಿಕೊಳ್ಳೋಣ ಎನಿಸಿತು. ಅಷ್ಟರಲ್ಲಿ ಅವಳು ಕೀಲಿಗಾಗಿ ಕೈ ಚಾಚಿದಳು, ಕೊಟ್ಟುಬಿಟ್ಟೆ. ತಪ್ಪು ಕಾರಿನದಲ್ಲ ಎಂದಾದ ಮೇಲೆ ಮಾರಬೇಕಾದದ್ದು ಇನ್ಯಾವುದು ಎಂದು ಕೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಸುಮ್ಮನೆ ಎಡಗಡೆಯ ಬಾಗಿಲು ತೆಗೆದು ಕುಳಿತುಕೊಂಡೆ.