ಗುಡುಗಪ್ಪನ ಹಾಲಿಲ್ಲದ ಮಾತ್ರೆ

ಥೈರಾಯ್ಡ್ ಮಾತ್ರೆ ಇದ್ದದ್ದು ಸಾಸಿವೆಗಿಂತ ಚೂರು ದೊಡ್ಡದು. ಅದರೊಳಗಿನ ಹಾಲಿನ ಸಕ್ಕರೆಯನ್ನು ಇರುವೆಯ ಮುಂದಿಟ್ಟರೆ ಅದೂ ಮೂಗು ಮುರಿದೀತು. ಆದರೆ ಅಷ್ಟು ಒಳಗೆ ಹೋದರೆ ಸಾಕು, ಗುಡುಗಪ್ಪನ ಹೊಟ್ಟೆಯಲ್ಲಿ ಯಾರೋ ಕಬ್ಬಿಣದ ಬೀರುವನ್ನು ಎಳೆದಾಡುವಂಥ ಸದ್ದು ಶುರುವಾಗಿ, ಸಂಜೆಯ ತನಕ ನಿಲ್ಲುತ್ತಿರಲಿಲ್ಲ.

ಗುಡುಗಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಜೊತೆಯಲ್ಲಿ ಕೆಲಸ ಮಾಡುವವರು ಕೊಟ್ಟ ಬಿರುದು. ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಅವನ ಹಣೆಬರಹ, ಅವನು ಸೇರಿಕೊಂಡದ್ದು ಕಿವಿ ಆಸ್ಪತ್ರೆ. ಕಿವಿ ಪರೀಕ್ಷೆ ಮಾಡುವುದೇ ಅವನ ಕೆಲಸ. ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ದಪ್ಪ ಸ್ಪಂಜು ಬಡಿದ, ಬಚ್ಚಲಿಗಿಂತ ಚಿಕ್ಕದಾದ ಕೋಣೆ. ಅದರೊಳಗೆ ಒಂದೇ ಬೆಂಚು. ಒಂದು ತುದಿಗೆ ಹೆಡ್‌ಫೋನ್ ಹಾಕಿಕೊಂಡ ರೋಗಿ, ಇನ್ನೊಂದು ತುದಿಗೆ ಯಂತ್ರ ಹಿಡಿದ ಗುಡುಗಪ್ಪ. ಅವನು ಗುಂಡಿ ಒತ್ತುತ್ತಾ ಹೋಗಬೇಕು, ಸದ್ದು ಕೇಳಿಸಿದಾಗಲೆಲ್ಲ ರೋಗಿ ಕೈ ಎತ್ತಬೇಕು. ಗುಂಡಿ ಒತ್ತಲು ಬಾಗಿದಾಗಲೆಲ್ಲ ಅವನ ಹೊಟ್ಟೆ ಗುಡುಗಿ ಬೆಂಚು ನಡುಗುತ್ತಿತ್ತು.

ಆ ದಿನ ಬೆಳಿಗ್ಗೆ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನೀರಿನ ಲೋಟಕ್ಕೆ ಕೈ ಚಾಚುವಷ್ಟರಲ್ಲಿ ಫೋನು ಬಂತು. ಅವನ ಯಜಮಾನರಾದ ಕಿವಿ ಡಾಕ್ಟರು.

"ಏನ್ರೀ, ನಿನ್ನೆ ಪರೀಕ್ಷೆಗೆ ಬಂದಿದ್ದ ಹೆಂಗಸು, ಕೋಣೆ ಕೆಳಗಡೆ ಲಾರಿ ನಿಲ್ಲಿಸ್ತೀರಾ ಅಂತ ಕೇಳಿ ಹೋದ್ರು. ಇವತ್ತು ಸಂಜೆ ನಮ್ಮ ಮಾವನವರು ಬರ್ತಾರೆ. ಗೊತ್ತಲ್ಲ, ನ್ಯಾಯಾಧೀಶರು. ಕಿವಿ ಸರಿಯಿದೆ ಅಂತಾದ್ರೆ ಕೆಲಸದಲ್ಲಿ ಮುಂದುವರೀತಾರೆ. ಇಲ್ಲಾಂದ್ರೆ..." ಡಾಕ್ಟರ ದನಿ ಪಾತಾಳಕ್ಕಿಳಿಯಿತು. "ಇಲ್ಲಾಂದ್ರೆ ನಿವೃತ್ತಿ ತಗೊಂಡು ನಮ್ಮನೇಲೇ ಇರೋಕೆ ಬರ್ತಾರೆ."

"ಅವರ ಕಿವಿಗೇನಾಗಿದೆ ಸರ್? ಹೋದ ವರ್ಷ ನಾನೇ ನೋಡಿದ್ದು. ಒಂದು ಸದ್ದೂ ಬಿಡದೆ ಕೈ ಎತ್ತಿದ್ರು."

"ಅವರ ಕಿವಿ ಬಗ್ಗೆ ಯಾರು ಮಾತಾಡಿದ್ರು? ನಿಮ್ಮ ಹೊಟ್ಟೆ ವಿಷಯ ನಾನು ಹೇಳ್ತಿರೋದು. ಅವರ ಮುಂದೆ ಅದೇನಾದ್ರೂ ಬಾಯಿ ತೆಗೀತೋ, ನಾಳೆಯಿಂದ ನೀವು ಬರೋದೇ ಬೇಡ."

ಗುಡುಗಪ್ಪ ಅಂಗೈಯಲ್ಲಿದ್ದ ಮಾತ್ರೆಯನ್ನು ಶತ್ರುವನ್ನು ನೋಡುವಂತೆ ನೋಡಿದ. ನುಂಗಿದರೆ ಗುಡುಗು, ಬಿಟ್ಟರೆ ಥೈರಾಯ್ಡ್ ಕೈಕೊಟ್ಟು ಕೂತಲ್ಲೇ ತೂಕಡಿಕೆ. ಹಾಲು, ಮೊಸರು ಒಗ್ಗದೆ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಈ ಕಳ್ಳ ಹಾಲು ಮಾತ್ರೆಯ ವೇಷದಲ್ಲಿ ದಿನಾ ಒಳಗೆ ನುಸುಳುತ್ತಿತ್ತು.

"ಹಾಲಿನ ಸಕ್ಕರೆ ಇಲ್ಲದ ಮಾತ್ರೆನೂ ಬರುತ್ತಂತೆ, ಬರೆಸ್ಕೊಂಡು ಬನ್ನಿ ಅಂತ ಬಡ್ಕೊಂಡಿದ್ದೇ ಬಂತು," ಎಂದಳು ಹೆಂಡತಿ. "ಈಗಲಾದ್ರೂ ಹೋಗಿ. ಏನೂ ತಿನ್ಬೇಡಿ ಮತ್ತೆ, ಮಾತ್ರೆ ಖಾಲಿ ಹೊಟ್ಟೇಲೇ ತಗೋಬೇಕು."

ಮೆಟ್ಟಿಲಿಳಿಯುವಾಗ ಕೆಳಗಿನ ಮನೆಯ ಡ್ರಿಲ್ ಮೇಷ್ಟ್ರು ಸಿಕ್ಕಿಬಿದ್ದರು. ನಿಜ ಹೇಳಬೇಕೆಂದರೆ ಸಿಕ್ಕಿಬಿದ್ದವನು ಗುಡುಗಪ್ಪ. ನಿವೃತ್ತಿಯಾದ ಮೇಲೆ ಮೇಷ್ಟ್ರಿಗೆ ಆಜ್ಞೆ ಮಾಡಲು ಮಕ್ಕಳಿರಲಿಲ್ಲ, ಹಾಗಾಗಿ ನೆರೆಹೊರೆಯವರನ್ನೇ ಸಾಲಾಗಿ ನಿಲ್ಲಿಸುತ್ತಿದ್ದರು.

"ಆಸ್ಪತ್ರೆಗಾ? ಒಬ್ರೇ ಯಾಕೆ? ನಡೀರಿ, ನಾನಿದ್ದೀನಿ!"

ಥೈರಾಯ್ಡ್ ಡಾಕ್ಟರಮ್ಮನ ಬಾಗಿಲಲ್ಲಿ ಜನ ಕಿಕ್ಕಿರಿದಿದ್ದರು. ಮೇಷ್ಟ್ರು ಹೊಸ್ತಿಲಲ್ಲೇ ನಿಂತು, "ಸ್ವಲ್ಪ ದಾರಿ ಬಿಡಿ! ಇವರಿಗೆ ವಿಪರೀತ ಗ್ಯಾಸು!" ಎಂದು ಮೈದಾನಕ್ಕೆಲ್ಲ ಕೇಳುವಂತೆ ಸಾರಿದರು. ದಾರಿಯೇನೋ ತಕ್ಷಣ ಸಿಕ್ಕಿತು. ಗುಡುಗಪ್ಪನ ಅಕ್ಕಪಕ್ಕದ ಕುರ್ಚಿಗಳೂ ಖಾಲಿಯಾದವು. ದೂರ ಸರಿದು ಕೂತವರು ಅಲ್ಲಿಂದಲೇ ಸಲಹೆ ಎಸೆಯತೊಡಗಿದರು. ಬಿಸಿನೀರು ಕುಡಿ ಎಂದರು ಒಬ್ಬರು, ಎಡಕ್ಕೆ ಮಲಗು ಎಂದರು ಇನ್ನೊಬ್ಬರು. ಮೇಷ್ಟ್ರು ಬಾಯಿಮಾತಿನವರಲ್ಲ. ಅವನನ್ನು ಎಬ್ಬಿಸಿ ಎಲ್ಲರೆದುರೇ ಬಸ್ಕಿ ಹೊಡೆಸಿದರು. ಗುಡುಗಪ್ಪನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು.

ಡಾಕ್ಟರಮ್ಮ ಕತೆಯನ್ನೆಲ್ಲ ಕೇಳಿ ನಕ್ಕುಬಿಟ್ಟರು. "ನನ್ನ ಹತ್ರ ಬರೋರೆಲ್ಲ ಇದೇ ಮಾತ್ರೆ ನುಂಗ್ತಾರೆ. ಯಾರ ಹೊಟ್ಟೆನೂ ಇಷ್ಟು ನಾಜೂಕಾಗಿಲ್ಲ. ಅದರಲ್ಲಿರೋ ಹಾಲಿನ ಸಕ್ಕರೆ ಏನೇನೂ ಅಲ್ಲ. ಎಲ್ಲಾ ನಿಮ್ಮ ಮನಸ್ಸಿನ ಭ್ರಮೆ."

"ಭ್ರಮೆಗೆ ಸದ್ದು ಬರುತ್ತಾ ಮೇಡಂ?"

"ಎಲ್ಲಿ, ಕೇಳಿಸಿ ನೋಡೋಣ," ಎಂದು ಸ್ಟೆತಾಸ್ಕೋಪನ್ನು ಅವನ ಹೊಟ್ಟೆಗೆ ಒತ್ತಿದರು.

ಹೊಟ್ಟೆ ಗಪ್‌ಚಿಪ್. ದಿನಾ ಊರಿಗೆಲ್ಲ ಡಂಗುರ ಸಾರುತ್ತಿದ್ದದ್ದು ಈಗ ನೆಂಟರೆದುರು ಹಾಡು ಹೇಳಲೊಲ್ಲದ ಮಗುವಿನಂತೆ ಮುದುರಿ ಕೂತಿತ್ತು. ಗುಡುಗಪ್ಪ ಕಣ್ಣು ಮುಚ್ಚಿ ಅದನ್ನು ಒಳಗೊಳಗೇ ಬೇಡಿಕೊಂಡ. ಡಾಕ್ಟರಮ್ಮ ಇನ್ನೇನು ಕೈ ತೆಗೆಯಬೇಕು, ಬೆಳಿಗ್ಗೆಯಿಂದ ತುತ್ತು ಕಾಣದ ಹೊಟ್ಟೆ ಎಂಥ ಆರ್ಭಟ ಮಾಡಿತೆಂದರೆ ಅವರು ಕಿವಿಯಿಂದ ಸ್ಟೆತಾಸ್ಕೋಪ್ ಕಿತ್ತು ಕುರ್ಚಿ ಸಮೇತ ಹಿಂದೆ ಸರಿದರು.

"ಅಯ್ಯೋ ರಾಮ!" ಎಂದವರೇ ಹೊಸ ಚೀಟಿ ಬರೆದರು.

ಅದು ಹಸಿವಿನ ಕೂಗೆಂದು ಗುಡುಗಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕೆಲಸ ಉಳಿಯಬೇಕಿತ್ತಲ್ಲ, ಬಾಯಿಗೆ ಬೀಗ ಹಾಕಿಕೊಂಡು ಚೀಟಿಯನ್ನು ಜೇಬಿಗಿಳಿಸಿದ.

ಔಷಧಿ ಅಂಗಡಿಯವನು ಚೀಟಿ ನೋಡಿ ಹಳೆಯ ಮಾತ್ರೆಯನ್ನೇ ಮುಂದಿಟ್ಟ.

"ಇದರಲ್ಲಿ ಹಾಲಿದೆ," ಎಂದ ಗುಡುಗಪ್ಪ.

"ಮಾತ್ರೇಲಿ ಹಾಲಾ? ಸ್ವಾಮಿ, ನಾನು ಇಟ್ಟಿರೋದು ಔಷಧಿ ಅಂಗಡಿ, ಡೈರಿ ಅಲ್ಲ!"

"ಚೀಟೀಲಿ ಏನಿದೆಯೋ ಅದನ್ನ ಕೊಡಪ್ಪ! ಹುಡುಕು! ಮೇಲಿನ ಸಾಲು! ಎಡಕ್ಕೆ ತಿರುಗು!" ಎಂದು ಮೇಷ್ಟ್ರು ಗುಡುಗಿದರು. ಅಂಗಡಿಯವನು ತನಗರಿವಿಲ್ಲದೆ ಎಡಕ್ಕೆ ತಿರುಗಿ, ಏಣಿ ಹತ್ತಿ, ಯಾರೂ ಕೇಳದೆ ಮೂಲೆ ಸೇರಿದ್ದ ಒಂದು ಡಬ್ಬಿ ತೆಗೆದುಕೊಟ್ಟ. ಜನ್ಮದಲ್ಲಿ ಮೊದಲ ಸಲ ಮೇಷ್ಟ್ರಿಂದ ಒಂದು ಉಪಕಾರವಾಯಿತು.

ಗುಡುಗಪ್ಪ ಅಲ್ಲೇ ನಿಂತು ಮಾತ್ರೆ ನುಂಗಿದ. ಕಾಯಬೇಕಾದಷ್ಟು ಹೊತ್ತು ಕಾದು ಎರಡು ಬಾಳೆಹಣ್ಣು ತಿಂದ. ಹೊಟ್ಟೆ ಕಮಕ್ ಕಿಮಕ್ ಅನ್ನಲಿಲ್ಲ. ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು.

ಸಂಜೆ ನ್ಯಾಯಾಧೀಶರು ಬಂದು ಗಂಭೀರವಾಗಿ ಬೆಂಚಿನ ಮೇಲೆ ಕುಳಿತರು. ಗುಡುಗಪ್ಪ ಹೆಡ್‌ಫೋನ್ ತೊಡಿಸಿದ. ಕಿವಿ ಡಾಕ್ಟರು ಹೊರಗಿನಿಂದ ಕೋಣೆಯ ಕಿಟಕಿ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಕೋಣೆಯಲ್ಲಿ ಹೊಟ್ಟೆಯ ಸದ್ದೇ ಇರಲಿಲ್ಲ. ಗುಡುಗಪ್ಪ ಹೆಮ್ಮೆಯಿಂದ ಎದೆಯುಬ್ಬಿಸಿ ಮೊದಲ ಗುಂಡಿ ಒತ್ತಿದ.

ನ್ಯಾಯಾಧೀಶರ ಕೈ ಮೊಣಕಾಲ ಮೇಲಿಂದ ಏಳಲಿಲ್ಲ.

ಸದ್ದು ಹೆಚ್ಚಿಸಿ ಒತ್ತಿದ. ಇನ್ನೂ ಹೆಚ್ಚಿಸಿದ. ಕೊನೆಗೆ ಯಂತ್ರದ ತಿರುಗಣೆಯನ್ನು ಅದು ತಿರುಗುವಷ್ಟೂ ತಿರುಗಿಸಿದ.

"ಶುರು ಮಾಡಿ ಮತ್ತೆ," ಎಂದರು ನ್ಯಾಯಾಧೀಶರು ಪ್ರಸನ್ನರಾಗಿ. "ಯಾರಿಗೆ ಕಾಯ್ತಿದ್ದೀರಿ?"

ಗುಡುಗಪ್ಪ ಹೆಡ್‌ಫೋನ್ ತೆಗೆದು ತನ್ನ ಕಿವಿಗಿಟ್ಟುಕೊಂಡು ಪರೀಕ್ಷಿಸಿದ. ತಲೆ ಎರಡು ಹೋಳಾಗುವುದೊಂದು ಬಾಕಿ.

"ಯಂತ್ರ ಕೆಟ್ಟಿದೆಯೇನ್ರೀ?" ಎಂದರು ನ್ಯಾಯಾಧೀಶರು. "ಹೋದ ವರ್ಷ ಎಷ್ಟು ಚೆನ್ನಾಗಿತ್ತು! ಬೆಂಚು ನಡುಗಿದಾಗಲೆಲ್ಲ ಕೈ ಎತ್ತಿದ್ದೆ. ಈ ಸಲ ಬೆಂಚೇ ಅಲ್ಲಾಡ್ತಿಲ್ಲವಲ್ಲ?"

ಕೋರ್ಟಿನಲ್ಲಿ ವಕೀಲರೆಲ್ಲ ಹೇಗೂ ಕಿರುಚಿಯೇ ಮಾತಾಡುವುದರಿಂದ ಇವರ ಕಿವಿಯ ಸಂಗತಿ ಯಾರಿಗೂ ತಿಳಿದಿರಲಿಲ್ಲ. ಅಷ್ಟರಲ್ಲಿ, ಬಾಗಿಲು ಓರೆಮಾಡಿ ಮಾವನ ಮಾತು ಕೇಳಿಸಿಕೊಂಡಿದ್ದ ಡಾಕ್ಟರು ಗುಡುಗಪ್ಪನ ರಟ್ಟೆ ಹಿಡಿದು ಹೊರಗೆಳೆದರು.

"ಏನ್ರೀ ಮಾಡ್ಕೊಂಡ್ರಿ ಹೊಟ್ಟೆಗೆ?"

"ಸರಿ ಮಾಡಿಸ್ಕೊಂಡೆ ಸರ್."

"ಸರಿ ಮಾಡಿಸ್ಕೊಳ್ಳಿ ಅಂತ ಯಾರ್ರೀ ಹೇಳಿದ್ದು?"

"ನೀವೇ ಸರ್."

ಡಾಕ್ಟರು ಒಮ್ಮೆ ಗಾಜಿನಾಚೆಯ ಮಾವನನ್ನು ನೋಡಿದರು. ಇನ್ನು ಬದುಕಿನುದ್ದಕ್ಕೂ ಊಟದ ಮೇಜಿನಲ್ಲಿ ಆ ಮುಖವನ್ನು ಎದುರಿಗಿಟ್ಟುಕೊಂಡು ಕಿರುಚುತ್ತಾ ಕೂರುವುದನ್ನು ನೆನೆದರೋ ಏನೋ, ಬಿಳಿ ಕೋಟಿನಲ್ಲೇ ಬೀದಿಗೆ ಓಡಿದರು. ಏದುಸಿರು ಬಿಡುತ್ತಾ ವಾಪಸು ಬಂದಾಗ ಅವರ ಕೈಯಲ್ಲೊಂದು ದೊಡ್ಡ ಚೊಂಬು, ಚೊಂಬಿನ ತುಂಬಾ ಹಾಲು.

"ಯಂತ್ರ ಬಿಸಿಯಾಗ್ಬೇಕು, ಸ್ವಲ್ಪ ಹೊತ್ತು ಕೂತಿರಿ ಅಂತ ಮಾವನವರಿಗೆ ಕಿರುಚಿ ಹೇಳ್ತೀನಿ. ಹಿಡೀರಿ, ಕುಡೀರಿ!"

ಗುಡುಗಪ್ಪ ಚೊಂಬನ್ನು ನೋಡಿದ, ಯಜಮಾನರನ್ನು ನೋಡಿದ.

"ಪೂರ್ತಿನಾ ಸರ್?"

"ಮತ್ತೆ? ಎರಡು ಕಿವಿಗೂ ಆಗಬೇಕಲ್ರೀ!"